ಮರಿಯಪ್ಪನ ಗಾಡಿಗೆ ಹೊಂದಿದ ಗೇರು

ಹೊಂಗನೂರಿನ ಮರಿಯಪ್ಪನಿಗೆ ಐವತ್ತಾರು ತುಂಬಿದ ವರ್ಷ ಅವನು ಓಡಿಸುತ್ತಿದ್ದ ಬಸ್ಸು ನಿಂತುಹೋಯಿತು. ಚನ್ನಪಟ್ಟಣದಿಂದ ಸಾತನೂರಿನ ಮೇಲೆ ಹಾಯ್ದು ಉಯ್ಯಂಬಳ್ಳಿಗೆ ಹೋಗಿ ಬರುತ್ತಿದ್ದ ಖಾಸಗಿ ಬಸ್ಸು ಅದು. ಮಾಲೀಕರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಬಸ್ಸಿನ ತಾಪತ್ರಯ ಬೇಕಿರಲಿಲ್ಲ. ಒಂದು ಬೆಳಗ್ಗೆ ಮರಿಯಪ್ಪನನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಮೆಲ್ಲಗೆ ವಿಷಯ ತಿಳಿಸಿದರು. ಮರಿಯಪ್ಪ ಕಾಫಿ ಕುಡಿದು ಮುಗಿಸಿದ. ಹೊರಗೆ ನಿಂತಿದ್ದ ಬಸ್ಸಿನ ಮುಂದಿನ ಗಾಜನ್ನು ಒಮ್ಮೆ ಒರೆಸಿದ. ಆಮೇಲೆ ಇನ್ನೊಬ್ಬರ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಊರಿಗೆ ಬಂದ.

ಆ ದಾರಿಯ ಜನಕ್ಕೆಲ್ಲ ಅವನು ಗೊತ್ತಿದ್ದ. ಸಂತೆಗೆ ಹೋಗುವ ಹೆಂಗಸರು ಮೊಟ್ಟೆಯ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಬಸ್ಸಿನಲ್ಲಿ ನಿರಾಳವಾಗಿ ತೂಕಡಿಸುತ್ತಿದ್ದರು. ಬ್ರೇಕು ಒತ್ತಿ ಜನರನ್ನು ಮುಂದಕ್ಕೆ ಮುಗ್ಗರಿಸುವುದು ಅವನಿಗೆ ಆಗದ ಮಾತು. ಕಾಡಿನ ಇಳಿಜಾರು ಬಂತೆಂದರೆ ತುದಿಯಲ್ಲೇ ಕೆಳಗಿನ ಗೇರಿಗೆ ಹಾಕಿಕೊಂಡು, ಇಂಜಿನ್ನಿನ ಹಿಡಿತದಲ್ಲಿ ಬಸ್ಸನ್ನು ಇಳಿಸುತ್ತಿದ್ದ. ಹಾಗೆ ಇಳಿಸು ಎಂದು ಅವನಿಗೆ ಯಾರೂ ಪಾಠ ಹೇಳಿರಲಿಲ್ಲ. ಕಾಲಿಗೇ ಬಂದುಬಿಟ್ಟಿತ್ತು.

ಮನೆಯಲ್ಲಿ ಅವನ ಹೆಂಡತಿ ಚಿಕ್ಕಲಕ್ಷ್ಮಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹಿಪ್ಪುನೇರಳೆ ತೋಟ, ಹುಳುಮನೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎಲ್ಲವೂ ಅವಳದೇ ಕಾರುಬಾರು. ಬಸ್ಸು ನಿಂತ ಮೇಲೆ ಮರಿಯಪ್ಪನೂ ಕೈಹಚ್ಚಲು ಹೋದ. ಸೊಪ್ಪು ಹಾಕುವಾಗ ಹುಳುಗಳನ್ನು ಅದುಮಿದ, ಬೀಡಿ ಸೇದಿದ ಕೈಯಲ್ಲೇ ಹುಳುಮನೆಗೆ ನುಗ್ಗಿದ. ಅವಳು ಸ್ವಲ್ಪ ದಿನ ಸಹಿಸಿಕೊಂಡಳು.

"ನೀವು ಒಸಿ ಆಚೆ ಕೂತ್ಕಳಿ, ಪುಣ್ಯ ಬತ್ತದೆ" ಅಂದಳು ಕೊನೆಗೆ. "ಹುಳಾನೂ ರೋಡ್ನಾಗಿನ ದನ ಅಂದ್ಕಂಡಿದ್ದೀರಾ, ಹಾರ್ನ್ ಒಡುದ್ರೆ ಸರ್ಕಳಕ್ಕೆ?"

ಆಚೆ ಜಗಲಿಯ ಮೇಲೆ ಕೂತವನಿಗೆ ಹಳೆಯದೊಂದು ದಿನ ಪದೇ ಪದೇ ನೆನಪಿಗೆ ಬರತೊಡಗಿತು. ಉಯ್ಯಂಬಳ್ಳಿಯ ಈಚೆ ಕಾಡಿನ ನಡುವೆ ಬಸ್ಸಿನ ಆಕ್ಸಲ್ ಮುರಿದ ದಿನ. ಜ್ವರದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೊರಟಿದ್ದ ತಾಯಿಯೊಬ್ಬಳು ಬಸ್ಸಿನಲ್ಲಿದ್ದಳು. ಕೆಟ್ಟ ಗಾಡಿ ಎಳೆಯುವ ಹೆದ್ದಾರಿಯ ಟೋಯಿಂಗ್ ಗಾಡಿಯವನಿಗೆ ಫೋನು ಮಾಡಿದರೆ, ಸಾತನೂರು ದಾಟಿ ಆ ಗುಡ್ಡಕ್ಕೆಲ್ಲ ನಮ್ಮ ಗಾಡಿ ಬರಲ್ಲ ಎಂದು ಫೋನಿಟ್ಟಿದ್ದ. ಕೊನೆಗೆ ಆ ಕಡೆಯಿಂದ ಬಂದ ಟ್ರ್ಯಾಕ್ಟರೊಂದು ತಾಯಿ ಮಗುವನ್ನು ಕೂರಿಸಿಕೊಂಡು ಹೋಯಿತು. ಮಗು ಹುಷಾರಾಯಿತೆಂದು ಆಮೇಲೆ ತಿಳಿಯಿತು. ಆದರೂ ಅಷ್ಟು ಹೊತ್ತು ರಸ್ತೆಯ ಬದಿ ನಿಂತಿದ್ದ ಆ ತಾಯಿಯ ಮುಖ ಮರಿಯಪ್ಪನ ಮನಸ್ಸಿನಿಂದ ಹೋಗಿರಲಿಲ್ಲ.

"ಒಂದ್ ಟೋಯಿಂಗ್ ಗಾಡಿ ಮಾಡ್ತೀನಿ ಕಣಮ್ಮಿ" ಅಂದ ಒಂದು ದಿನ, ಉಣ್ಣುತ್ತಾ.

ಚಿಕ್ಕಲಕ್ಷ್ಮಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಜಗಲಿಯ ಮೇಲೆ ಕೂತು ಕೂತು ಅವನು ಸೊರಗುತ್ತಿರುವುದು ಅವಳಿಗೆ ಕಾಣುತ್ತಿತ್ತು. "ಮಾಡಿ" ಅಂದಳು. "ಹುಳಮನೆ ಮುಂದೆ ಮಾತ್ರ ನಿಲ್ಲಿಸ್ಬ್ಯಾಡಿ. ಹೊಗೆಗೆ ಹುಳ ಸಾಯ್ತವೆ."

ರಾಮನಗರದ ಹಳೇ ಗಾಡಿಗಳ ಯಾರ್ಡಿನಲ್ಲಿ ಅವನಿಗೊಂದು ಲಾರಿ ಸಿಕ್ಕಿತು. ಇಂಜಿನ್ನು ಗಟ್ಟಿಮುಟ್ಟಾಗಿತ್ತು, ಚಾಸಿ ನೇರವಾಗಿತ್ತು. ಗೇರ್‌ಬಾಕ್ಸು ಮಾತ್ರ ಪುಡಿಯಾಗಿತ್ತು, ಹಿಂದಿನ ಆಕ್ಸಲ್ಲಿನ ಹಲ್ಲುಗಳೂ ಸವೆದಿದ್ದವು. ಹಿಂಬದಿಗೆ ಗಾಡಿ ಎತ್ತುವ ಕಬ್ಬಿಣದ ತೋಳು ಕೂರಿಸುವ ವೆಲ್ಡಿಂಗ್ ಕೆಲಸ ಮೊದಲು ಮುಗಿಯಿತು. ಆಮೇಲೆ ಲಾರಿಯನ್ನು ಎಳೆಸಿಕೊಂಡು ಚನ್ನಪಟ್ಟಣದ ಸಾದಿಕ್ಕನ ಗ್ಯಾರೇಜಿಗೆ ತಂದು ನಿಲ್ಲಿಸಿದ.

ಸಾದಿಕ್ಕನ ಮನೆಯವರು ಬೊಂಬೆ ಮಾಡುವವರು. ತಂದೆ, ಅಣ್ಣಂದಿರು ಎಲ್ಲರೂ ಮರ ಕಡೆದು ಅರಗಿನ ಬಣ್ಣ ಹಚ್ಚಿದರೆ, ಇವನೊಬ್ಬ ಕಬ್ಬಿಣಕ್ಕೆ ಬಿದ್ದಿದ್ದ. ನಲವತ್ತರ ಆಸುಪಾಸಿನ, ಮಾತು ಜಾಸ್ತಿಯ ಮನುಷ್ಯ. ಬಸ್ಸಿನ ಕಾಲದಿಂದಲೂ ಮರಿಯಪ್ಪನ ಗೇರ್‌ಬಾಕ್ಸಿಗೆ ಕೈ ಹಾಕುತ್ತಿದ್ದವನು ಅವನೊಬ್ಬನೇ.

"ನೋಡಿ ಮರಿಯಪ್ಪಣ್ಣ, ಎರಡು ಗೇರ್‌ಬಾಕ್ಸ್ ಐತೆ ನನ್ ಹತ್ರ" ಅಂದ ಸಾದಿಕ್, ಗೋಣಿತಾಟನ್ನು ಸರಿಸುತ್ತಾ. "ಇದು ಹಳೇದು, ಐದು ಗೇರು. ಗಟ್ಟಿ, ಆದ್ರೆ ಎತ್ತಿನ ಗಾಡಿ. ಇದು ನೋಡಿ, ಆರು ಗೇರು. ಹೊಸಾ ಲಾರಿದು. ಆರನೇ ಗೇರಿಗೆ ಬಿದ್ರೆ ಇಂಜಿನ್ ಉಸ್ರೇ ಕೇಳ್ಸಲ್ಲ, ಗಾಡಿ ಮಾತ್ರ ಓಡ್ತಾ ಇರ್ತದೆ."

ಗೇರ್‌ಬಾಕ್ಸಿನ ಜೊತೆಗೆ ಇನ್ನೊಂದನ್ನೂ ಆರಿಸಬೇಕಿತ್ತು. ಲಾರಿಯ ಹಿಂದಿನ ಆಕ್ಸಲ್ಲಿನೊಳಗೆ ಎರಡು ಹಲ್ಲುಚಕ್ರಗಳಿರುತ್ತವೆ. ಇಂಜಿನ್ನಿನ ಕಡೆಯಿಂದ ಬರುವ ಚಿಕ್ಕದು ಪಿನಿಯನ್ನು, ಅದು ತಿರುಗಿಸುವ ದೊಡ್ಡದು ಕ್ರೌನು. ಕ್ರೌನಿಗೆ ನಲವತ್ತೊಂದು ಹಲ್ಲಿದ್ದು ಪಿನಿಯನ್ನಿಗೆ ಎಂಟಿದ್ದರೆ ಮೆಕ್ಯಾನಿಕ್ಕುಗಳ ಬಾಯಲ್ಲಿ ಅದು ಎಂಟು-ನಲವತ್ತೊಂದು. ಪಿನಿಯನ್ನು ಐದು ಸುತ್ತು ಸುತ್ತುವಷ್ಟರಲ್ಲಿ ಚಕ್ರ ಒಂದು ಸುತ್ತು ಬರುತ್ತದೆ, ಗಾಡಿಗೆ ವೇಗ ಹೆಚ್ಚು. ಆರು ಹಲ್ಲಿನ ಪಿನಿಯನ್ನಾದರೆ ಚಕ್ರದ ಒಂದು ಸುತ್ತಿಗೆ ಅದು ಏಳು ಸುತ್ತಿನ ಹತ್ತಿರ ತಿರುಗಬೇಕು. ಗಾಡಿ ನಿಧಾನ, ಎಳೆಯುವ ಬಲ ಹೆಚ್ಚು.

"ನಿಮ್ಗೆ ಈ ಆರು ಗೇರಿಂದು, ಹಿಂದೆ ಎಂಟು-ನಲವತ್ತೊಂದೇ ಹಾಕ್ತೀನಿ" ಅಂದ ಸಾದಿಕ್. "ಬಿಡದಿ ಕಡೆ ಅಷ್ಟು ಫ್ಯಾಕ್ಟ್ರಿ, ದಿನಾ ಸಾವ್ರಾರು ಗಾಡಿ. ಫೋನ್ ಬಂದ್ರೆ ಬೇಗ ಹೋಗ್ಬೇಕು. ನೀವು ಹೋಗೋ ಹೊತ್ಗೆ ಇನ್ನೊಬ್ಬ ಕೊಕ್ಕೆ ಹಾಕ್ಬುಟ್ಟಿದ್ರೆ?"

ಮರಿಯಪ್ಪ ತಲೆ ಕೆರೆದುಕೊಂಡ. "ಗುಡ್ಡಕ್ಕೆ ಎಳೀತದಾ?"

"ಎಳೀದೇ ಏನು? ಒಂದನೇ ಗೇರಿಗೆ ಹಾಕಿ, ರಾಮದೇವರ ಬೆಟ್ಟಾನೇ ಎಳೀತದೆ."

ಮರಿಯಪ್ಪನಿಗೆ ಇನ್ನೂ ಏನೋ ಕೇಳಬೇಕೆನಿಸಿತು. ಏನೆಂದು ಬಾಯಿಗೆ ಬರಲಿಲ್ಲ. ಅದೂ ಅಲ್ಲದೆ, ಬದುಕಿನುದ್ದಕ್ಕೂ ಗುಂಡಿ ತಪ್ಪಿಸಿಕೊಂಡು ಬಸ್ಸು ಓಡಿಸಿದವನಿಗೆ ಅಗಲವಾದ ರಸ್ತೆಯಲ್ಲಿ ಒಮ್ಮೆ ಗಾಡಿ ಬಿಡುವ ಆಸೆಯೂ ಇತ್ತು. "ನೀ ಯೋಳ್ದಂಗೆ ಮಾಡ್ಲಾ" ಅಂದುಬಿಟ್ಟ.

ಮೊದಲ ಕೆಲವು ವಾರ ಎಲ್ಲವೂ ಚೆನ್ನಾಗಿಯೇ ನಡೆಯಿತು. ಹೊಸ ಹೆದ್ದಾರಿಯ ಒಳಗೆ ಕೆಟ್ಟ ಗಾಡಿಗಳನ್ನು ಟೋಲಿನವರೇ ನೋಡಿಕೊಳ್ಳುತ್ತಿದ್ದರು. ಆದರೆ ಪಕ್ಕದ ಸರ್ವಿಸ್ ರಸ್ತೆ, ಹಳೇ ರಸ್ತೆ, ಬಿಡದಿಯ ಕೈಗಾರಿಕಾ ಪ್ರದೇಶದ ಸುತ್ತ ಮರಿಯಪ್ಪನಿಗೆ ಕೆಲಸ ಸಿಗುತ್ತಿತ್ತು. ಕಾರು, ಟೆಂಪೋ, ಒಮ್ಮೊಮ್ಮೆ ಗೂಡು ತುಂಬಿದ ವ್ಯಾನು. ಸಮತಟ್ಟಾದ ರಸ್ತೆಯಲ್ಲಿ ಆರನೇ ಗೇರಿಗೆ ಹಾಕಿದರೆ ಲಾರಿ ತೇಲುತ್ತಿತ್ತು. ಸಾದಿಕ್ ಸಿಕ್ಕಾಗಲೆಲ್ಲ, "ಹೆಂಗೆ?" ಎಂದು ಹುಬ್ಬು ಹಾರಿಸುತ್ತಿದ್ದ. "ಬೆಣ್ಣೆ ಕಣ್ಲಾ" ಅನ್ನುತ್ತಿದ್ದ ಮರಿಯಪ್ಪ.

ಹಾಗಿರುವಾಗ ಮಾಗಡಿ ಕಡೆಯಿಂದ ಒಂದು ಕರೆ ಬಂತು. ಸಾವನದುರ್ಗದ ಹತ್ತಿರ ಬೆಟ್ಟ ನೋಡಲು ಬಂದವರ ಮಿನಿ ಬಸ್ಸು ಕೆಟ್ಟು ನಿಂತಿತ್ತು. ಜನರೆಲ್ಲ ಬೇರೆ ಗಾಡಿಯಲ್ಲಿ ಹೋಗಿದ್ದರು. ಮರಿಯಪ್ಪ ಬಸ್ಸಿನ ಮೂತಿ ಎತ್ತಿ ಕಟ್ಟಿಕೊಂಡು ಹೊರಟ. ಏರಿನಲ್ಲಿ ಲಾರಿ ಚೂರೂ ತೊಡರದೆ ಎಳೆಯಿತು. ಏರಿನ ಆಚೆ ಉದ್ದದ ಇಳಿಜಾರು. ಅಭ್ಯಾಸದಂತೆ ಮೂರನೇ ಗೇರಿಗೆ ಹಾಕಿಕೊಂಡು ಇಳಿಯತೊಡಗಿದ.

ಸ್ವಲ್ಪ ದೂರಕ್ಕೇ ಅವನ ಕಾಲಿಗೆ ಏನೋ ಸರಿಯಿಲ್ಲ ಎನ್ನಿಸಿತು. ಇಂಜಿನ್ನು ಹಿಡಿದುಕೊಳ್ಳುತ್ತಿರಲಿಲ್ಲ. ಬೆನ್ನ ಮೇಲಿದ್ದ ಮಿನಿ ಬಸ್ಸು ಲಾರಿಯನ್ನು ಮುಂದಕ್ಕೆ ನೂಕುತ್ತಿತ್ತು, ವೇಗದ ಮುಳ್ಳು ಮೇಲೇರುತ್ತಿತ್ತು. ಬ್ರೇಕು ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ತಿರುವು ಹತ್ತಿರವಾಗುವ ಹೊತ್ತಿಗೆ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬಂತು, ಎಷ್ಟು ಒತ್ತಿದರೂ ಬ್ರೇಕು ಹಿಡಿಯದಾಯಿತು. ಎದುರಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ಬರುತ್ತಿದ್ದರು. ಮರಿಯಪ್ಪ ಹಾರ್ನು ಒತ್ತಿ ಹಿಡಿದುಕೊಂಡೇ ಎಡಕ್ಕೆ ತಿರುಗಿಸಿ, ಮಣ್ಣಿನ ದಿಬ್ಬಕ್ಕೆ ಚಕ್ರ ಉಜ್ಜಿಸಿ, ಹ್ಯಾಂಡ್‌ಬ್ರೇಕ್ ಎಳೆದ. ಲಾರಿ ಒಮ್ಮೆ ಬಿಕ್ಕಳಿಸಿದಂತಾಗಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಹೆಂಗಸರು ಬೈದುಕೊಂಡು ಮುಂದೆ ಹೋದರು. ಮರಿಯಪ್ಪ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ. ದಿಬ್ಬದ ಮೇಲೆ ಕೂತು ಬಹಳ ಹೊತ್ತು ಲಾರಿಯ ಹಿಂದಿನ ಆಕ್ಸಲ್ಲನ್ನೇ ನೋಡಿದ. ಸಾದಿಕ್ಕನ ಗ್ಯಾರೇಜಿನಲ್ಲಿ ಬಾಯಿಗೆ ಬರದೆ ಹೋದ ಮಾತು ಈಗ ಹೊಳೆಯಿತು. ಗುಡ್ಡಕ್ಕೆ ಎಳೆಯುತ್ತದೆಯೇ ಎಂದು ಕೇಳಿದ್ದನೇ ಹೊರತು, ಗುಡ್ಡದಿಂದ ಇಳಿಯುವಾಗ ಹಿಡಿದುಕೊಳ್ಳುತ್ತದೆಯೇ ಎಂದು ಕೇಳಿರಲಿಲ್ಲ.

ಬ್ರೇಕು ಆರಿದ ಮೇಲೆ, ಒಂದನೇ ಗೇರಿನಲ್ಲಿ ಇರುವೆ ನಡಿಗೆಯಲ್ಲಿ ಇಳಿಸಿಕೊಂಡು ಮಿನಿ ಬಸ್ಸನ್ನು ಮಾಗಡಿಗೆ ಮುಟ್ಟಿಸಿದ. ಮನೆಗೆ ಬಂದು ಊಟ ಬೇಡವೆಂದ. ಚಿಕ್ಕಲಕ್ಷ್ಮಮ್ಮ ಬಿಸಿನೀರು ಕಾಯಿಸಿ ಕೊಟ್ಟಳು. ಸ್ನಾನ ಮಾಡಿ ಬಂದವನು ತಾನಾಗಿಯೇ ಎಲ್ಲ ಹೇಳಿದ.

"ಸಾದಿಕ್ಕುಂಗೆ ಯೋಳಿದ್ರಾ?" ಅಂದಳು.

"ಎಂಗ್ ಯೋಳ್ಲಿ? ಅವನು ನಂಗೋಸ್ಕರ ಜೀವ ತೇದು ಮಾಡವ್ನೆ. ಬ್ಯಾಸ್ರ ಮಾಡ್ಕತಾನೆ."

"ಮಾಡ್ಕಳ್ಲಿ ಬುಡಿ. ಬ್ಯಾಸ್ರ ನಾಕ್ ದಿನುಕ್ಕೆ ಓಯ್ತದೆ. ನೀವು ಓದ್ರೆ ಬತ್ತೀರಾ?"

ಮರುದಿನ ಮರಿಯಪ್ಪ ಗ್ಯಾರೇಜಿಗೆ ಹೋದ. ಕ್ರೌನು ಬದಲಾಯಿಸಬೇಕು, ಆರು-ನಲವತ್ತೊಂದು ಬೇಕು ಅಂದ. ಸಾದಿಕ್ಕನ ಮುಖ ಸಣ್ಣದಾಯಿತು.

"ನನ್ ಕೆಲಸದಲ್ಲಿ ಏನ್ ತಪ್ಪು ಕಂಡ್ರಿ ಅಣ್ಣ?"

"ಕೆಲ್ಸ ಪಸಂದಾಗೈತೆ ಕಣಪ್ಪ. ಇಳಿಜಾರ್ನಾಗೆ ಗಾಡಿ ಹಿಡ್ಕಳ್ತಿಲ್ಲ."

"ಬ್ರೇಕ್ ಲೈನರ್ ಹೊಸಾದು ಹಾಕೋಣ, ಸರಿಹೋಗ್ತದೆ. ಆರು-ನಲವತ್ತೊಂದು ಹಾಕಿದ್ರೆ ಗಾಡಿ ರೋಡಲ್ಲಿ ಆಮೆ ಆಗ್ಬುಡ್ತದೆ. ಹೆದ್ದಾರಿಗೆ ಹೋದ್ರೆ ಎಲ್ರೂ ಹಿಂದಿನಿಂದ ಬೈತಾರೆ. ಆಮೇಲೆ ನನ್ ಹೆಸರು ಹೇಳ್ತಾರೆ, ಸಾದಿಕ್ ಕಟ್ಟಿದ ಗಾಡಿ ಅಂತ!"

ಮಾತಿಗೆ ಮಾತು ಬೆಳೆಯಿತು. ಕೊನೆಗೆ ಮರಿಯಪ್ಪ ಲಾರಿಯ ಕೀಲಿಯನ್ನು ಸಾದಿಕ್ಕನ ಕೈಗಿಟ್ಟ. "ನಾ ಬಾಯಲ್ಲಿ ಯೋಳಕ್ಕಾಗಲ್ಲ. ಬಾ, ನೀನೇ ಓಡ್ಸು."

ವೆಲ್ಡಿಂಗ್ ಶಾಪಿನ ಮುಂದೆ ಕೆಟ್ಟು ನಿಂತಿದ್ದ ಹಳೇ ಟಿಪ್ಪರೊಂದನ್ನು ಹಿಂದೆ ಕಟ್ಟಿಕೊಂಡು ಇಬ್ಬರೂ ಸಾತನೂರಿನ ಕಡೆ ಹೊರಟರು. ಸ್ಟೇರಿಂಗಿನಲ್ಲಿ ಸಾದಿಕ್, ಪಕ್ಕದಲ್ಲಿ ಮರಿಯಪ್ಪ. ರಸ್ತೆ ಖಾಲಿ ಇರುವ ಒಂದು ಸಣ್ಣ ಇಳಿಜಾರನ್ನು ಮರಿಯಪ್ಪನೇ ಆರಿಸಿದ್ದ. ಕೆಳಗೆ ಉದ್ದಕ್ಕೂ ಸಮತಟ್ಟು, ಗಾಡಿ ಉರುಳಿದರೂ ತಾನಾಗಿ ನಿಲ್ಲುವಂಥ ಜಾಗ. ಸಾದಿಕ್ ಹಾಡು ಗುನುಗುತ್ತಾ ಇಳಿಸಲು ಶುರುಮಾಡಿದ. ಅರ್ಧಕ್ಕೆ ಬರುವಷ್ಟರಲ್ಲಿ ಗುನುಗು ನಿಂತಿತು. ಬೆನ್ನಿಗೆ ಯಾರೋ ಅಂಗೈ ಊರಿ ದಬ್ಬುತ್ತಿರುವಂಥ ಆ ನೂಕು ಅವನಿಗೂ ತಿಳಿಯಿತು. ಬ್ರೇಕು ಒತ್ತಿದ, ಮತ್ತೆ ಒತ್ತಿದ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದ. ಸಮತಟ್ಟಿಗೆ ಬಂದು ಗಾಡಿ ನಿಂತಾಗ ಅವನ ಹಣೆಯ ಮೇಲೆ ಬೆವರಿತ್ತು.

"ಯಾ ಅಲ್ಲಾ" ಅಂದ. ಬೆವರು ಒರೆಸಿಕೊಂಡು, "ನಾನು ಗಾಡಿ ಕಟ್ಟೋನು, ಅಣ್ಣ. ಇಂಗೆ ಕಟ್ಕಂಡು ಇಳಿಸಿದ್ದು ಇದೇ ಮೊದ್ಲು" ಅಂದ.

ಮರಿಯಪ್ಪ ಗೆದ್ದವನಂತೆ ನಗಲಿಲ್ಲ. ಬೀಡಿ ಹಚ್ಚಿ ಅವನಿಗೊಂದು ಕೊಟ್ಟ.

ವಾಪಸು ಬರುವಾಗ ಮರಿಯಪ್ಪ ಓಡಿಸಿದ. ಪಕ್ಕದಲ್ಲಿ ಕೂತ ಸಾದಿಕ್ ಬೆರಳು ಮಡಚುತ್ತಾ ಏನೋ ಲೆಕ್ಕ ಹಾಕುತ್ತಿದ್ದ. ಹೊಂಗನೂರು ದಾಟುವಾಗ ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡ.

"ಅಣ್ಣ, ಕ್ರೌನ್ ಬದಲಾಯಿಸೋಣ. ಗೇರ್‌ಬಾಕ್ಸ್ ಮುಟ್ಟೋದು ಬ್ಯಾಡ."

"ಅಂದ್ರೆ?"

"ಹಳೇ ಐದು ಗೇರಿಗೆ ಆರು-ನಲವತ್ತೊಂದು ಹಾಕಿದ್ರೆ ಆಮೆ, ನಿಜ. ಆದ್ರೆ ಈ ಬಾಕ್ಸಲ್ಲಿ ಆರನೇ ಗೇರು ಓವರ್‌ಡ್ರೈವ್. ಅಂದ್ರೆ ಇಂಜಿನ್ನಿಗಿಂತ ಜಾಸ್ತಿ ಸುತ್ತಿಸ್ತದೆ. ಕ್ರೌನು ಕಿತ್ಕಳ್ಳೋ ಸ್ಪೀಡನ್ನ ಮುಕ್ಕಾಲು ಪಾಲು ಆರನೇ ಗೇರು ವಾಪಸ್ ಕೊಡ್ತದೆ. ಖಾಲಿ ಗಾಡಿ ಬರುವಾಗ ಆರನೇದು ಹಾಕ್ಕಳಿ. ಇಳಿಯುವಾಗ ಎರಡನೇದು, ಒಂದನೇದು. ಕೆಳಗಿನ ಗೇರುಗಳೆಲ್ಲ ಇನ್ನೂ ಕೆಳಕ್ಕೆ ಹೋಗ್ತವೆ, ಹಗ್ಗ ಹಿಡ್ದು ಎಳ್ದಂಗೆ ಹಿಡೀತವೆ."

ಮರಿಯಪ್ಪ ಅದನ್ನು ಎರಡು ಸಲ ಕೇಳಿ ಅರ್ಥ ಮಾಡಿಕೊಂಡ. ಅವನಿಗೂ ಇದು ಹೊಳೆದಿರಲಿಲ್ಲ. ಹಳೇ ಐದು ಗೇರಿನ ಬಾಕ್ಸಿಗೇ ಹೋಗೋಣ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ. "ಲೇ ಸಾದಿಕ್ಕು" ಅಂದ ಹಿಗ್ಗಿನಿಂದ, "ಇದನ್ನ ಮೊದ್ಲೇ ಯೋಳೋಕೆ ಏನಾಗಿತ್ಲಾ ನಿಂಗೆ?"

"ಮೊದ್ಲೇ ನೀವು ಇಳಿಜಾರು ಅಂದ್ರಾ?"

ಇಬ್ಬರೂ ನಕ್ಕರು.

ಆರು-ನಲವತ್ತೊಂದು ಸುಲಭಕ್ಕೆ ಸಿಗಲಿಲ್ಲ. ರಾಮನಗರದಲ್ಲಿ ಕೇಳಿದರು, ಇಲ್ಲ. ಬೆಂಗಳೂರಿನಿಂದ ತರಿಸಿದ್ದರ ಹಲ್ಲು ತಿಂದುಹೋಗಿತ್ತು. ಸಾದಿಕ್ಕನಿಗೆ ಹಟ ಹತ್ತಿತು. ಶುಕ್ರವಾರದ ನಮಾಜು ಮುಗಿಸಿ ಬಂದವನೇ, ಕನಕಪುರದ ಕಲ್ಲಿನ ಕ್ವಾರಿಗಳಿಗೆ ಹೋಗೋಣ ನಡೀರಿ ಎಂದು ಮರಿಯಪ್ಪನನ್ನು ಎಬ್ಬಿಸಿಕೊಂಡು ಹೊರಟ. ಬಂಡೆ ಹೊತ್ತು ಗುಂಡಿಯಿಂದ ಮೇಲೇರುವ ಟಿಪ್ಪರುಗಳಿಗೆ ವೇಗ ಬೇಕಿಲ್ಲ, ಅವುಗಳಿಗೆ ಇಂಥ ಕ್ರೌನೇ ಹಾಕಿರುತ್ತಾರೆ ಎನ್ನುವುದು ಅವನ ಎಣಿಕೆ. ಅದು ಸರಿಯಾಯಿತು. ಕ್ವಾರಿಗಳ ಗುಜರಿ ಕೊಳ್ಳುವ ಅಸ್ಗರ್ ಸಾಹೇಬರ ಶೆಡ್ಡಿನಲ್ಲಿ, ಗ್ರೀಸು ಮೆತ್ತಿದ ಚೀಲದೊಳಗೆ, ಜೋಡಿ ತಪ್ಪದ ಕ್ರೌನು ಪಿನಿಯನ್ನು ಸಿಕ್ಕಿತು. ಸಾದಿಕ್ ಒಂದೊಂದು ಹಲ್ಲಿನ ಮೇಲೂ ಬೆರಳಾಡಿಸಿ ನೋಡಿದ. ಆಮೇಲೆ ಅದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡ.

ಕೂರಿಸುವ ದಿನ ಚಿಕ್ಕಲಕ್ಷ್ಮಮ್ಮನೂ ಬಂದಳು. ಗೂಡು ಮಾರಿ ರಾಮನಗರದಿಂದ ಬರುವಾಗ ಗ್ಯಾರೇಜಿಗೆ ಇಳಿದು, ಬುತ್ತಿ ಬಿಚ್ಚಿ ಇಟ್ಟಳು. ಸಾದಿಕ್ ಲಾರಿಯ ಅಡಿಗೆ ಅರ್ಧ ಮೈ ತೂರಿಸಿದ್ದ. ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ, ಕೈಯಲ್ಲಿ ತಿರುಗಿಸಿ, ಪಿನಿಯನ್ನು ಎಲ್ಲಿ ತಾಗಿದೆ ಎಂದು ಗುರುತು ನೋಡುತ್ತಿದ್ದ. ಹಲ್ಲಿನ ನಟ್ಟನಡುವೆ ಗುರುತು ಬೀಳಬೇಕು. ಅಂಚಿಗೆ ಬಿದ್ದರೆ ಮತ್ತೆ ಬಿಚ್ಚಿ, ತೆಳ್ಳನೆಯ ತಗಡಿನ ಬಿಲ್ಲೆಯೊಂದನ್ನು ಸೇರಿಸುತ್ತಿದ್ದ, ಇಲ್ಲವೇ ತೆಗೆಯುತ್ತಿದ್ದ.

"ಎಷ್ಟು ಸಲ ಬಿಚ್ತೀಯಪ್ಪಾ?" ಎಂದು ಕೇಳಿದಳು.

"ಸರಿ ಕೂರೋವರ್ಗೂ, ಅಕ್ಕ. ಈಗ ಬೇಜಾರು ಮಾಡ್ಕಂಡ್ರೆ ಆಮೇಲೆ ದಾರೀಲಿ ಅಳ್ತದೆ ಇದು."

"ನಮ್ ಹುಳನೂ ಅಂಗೇಯ" ಅಂದಳು ಚಿಕ್ಕಲಕ್ಷ್ಮಮ್ಮ, ಊಟಕ್ಕೆ ಎದ್ದುಬಂದವನ ತಟ್ಟೆಗೆ ಇನ್ನಷ್ಟು ಉಪ್ಸಾರು ಬಡಿಸುತ್ತಾ. ಅವಳಿಗೆ ಆ ಕೆಲಸ ಹಿಡಿಸಿತು. ಗಂಡ ಮನೆಗೆ ಹೊರಡಲು ಎದ್ದರೂ ಅವಳು ಬಾಗಿ ನೋಡುತ್ತಲೇ ಇದ್ದಳು. ಕೊನೆಗೆ ನೀಲಿಯ ಮೇಲೆ ಅಕ್ಕಿಕಾಳಿನಂಥ ಗುರುತು ನಡುವಿಗೆ ಬಿದ್ದಾಗ ಮೊದಲು ಕಂಡವಳೂ ಅವಳೇ.

ಲಾರಿ ಈಗ ಬೇರೆ ಪ್ರಾಣಿಯೇ ಆಯಿತು. ರಸ್ತೆಯಲ್ಲಿ ಮೊದಲಿನಷ್ಟು ತೇಲುತ್ತಿರಲಿಲ್ಲ, ಗೇರು ಬೇಗ ಬೇಗ ಬದಲಾಯಿಸಬೇಕಾಗುತ್ತಿತ್ತು. ಮರಿಯಪ್ಪ ಎರಡನೇ ಗೇರಿನಿಂದಲೇ ಹೊರಡುವುದನ್ನು ರೂಢಿ ಮಾಡಿಕೊಂಡ. ಬಿಡದಿ ಕಡೆಯ ಕೆಲಸ ಸ್ವಲ್ಪ ಕಡಿಮೆಯೂ ಆಯಿತು. ಅದರ ಬದಲು ಸಾತನೂರು, ಕನಕಪುರದ ತೆಂಕಣ ಹಳ್ಳಿಗಳು, ಮಾಗಡಿಯ ಗುಡ್ಡಗಳಿಂದ ಫೋನು ಬರತೊಡಗಿತು. ಕೆರೆ ಏರಿಯಿಂದ ಜಾರಿದ ಟ್ರ್ಯಾಕ್ಟರು, ಹಳ್ಳದಲ್ಲಿ ಹೂತ ಬೋರ್‌ವೆಲ್ ಲಾರಿ. ಬೇರೆಯವರು ಬರುವುದಿಲ್ಲ ಎಂದ ಕಡೆಗೆಲ್ಲ ಅವನು ಹೋಗುತ್ತಿದ್ದ.

ಮಾವಿನ ಕಾಲ ಬಂತು. ಉಯ್ಯಂಬಳ್ಳಿಯ ಹತ್ತಿರದ ಹಳ್ಳಿಯಲ್ಲಿ ಚಿಕ್ಕಲಕ್ಷ್ಮಮ್ಮನ ತಂಗಿಯ ಮನೆಯಿತ್ತು. ತಂಗಿಯನ್ನು ನೋಡಿ ಬರೋಣವೆಂದು ಒಂದು ಮುಂಜಾನೆ ಇಬ್ಬರೂ ಲಾರಿಯಲ್ಲೇ ಹೋಗಿದ್ದರು. ತಿಂಡಿ ಮುಗಿಸಿ ಹೊರಡುವ ಹೊತ್ತಿಗೆ ಫೋನು ಬಂತು. ರಾಮನಗರದ ಶಾರುಖ್ ಎಂಬ ಡ್ರೈವರು. ಮೂವತ್ತು ದಾಟಿದವನು, ಮಂಡಿಗೆ ಹಣ್ಣು ಸಾಗಿಸುವ ಕ್ಯಾಂಟರ್ ಅವನದು. ಕಾಡಿನ ನಡುವೆ, ಇಳಿಜಾರಿನ ತಲೆಯ ಮೇಲೆ ಇಂಜಿನ್ನು ಸತ್ತಿತ್ತು. ಗಾಡಿ ತುಂಬ ಹಣ್ಣಾಗುತ್ತಿದ್ದ ಮಾವು. ಬಿಸಿಲು ಏರಿದರೆ ಅರ್ಧ ಕೊಳೆಯುತ್ತದೆ ಎಂದು ಅಳುವ ದನಿಯಲ್ಲಿ ಹೇಳಿದ.

ಮರಿಯಪ್ಪ ಹೋಗಿ ಕ್ಯಾಂಟರಿನ ಮೂತಿ ಎತ್ತಿ, ಸರಪಳಿ ಬಿಗಿದ. ಒಮ್ಮೆ ಸುತ್ತ ನಡೆದು ನೋಡಿದ. ತೂಕ ಮಾಗಡಿಯ ಮಿನಿ ಬಸ್ಸಿಗಿಂತ ಹೆಚ್ಚೇ ಇತ್ತು, ಇಳಿಜಾರು ಅದಕ್ಕಿಂತ ಕಡಿದು. ಮೂವರೂ ಲಾರಿಯ ಕ್ಯಾಬಿನ್ನಿನಲ್ಲಿ ಕೂತರು. ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು, ಮರಿಯಪ್ಪ ಇಳಿಯಲು ಶುರುಮಾಡಿದ.

ಇಂಜಿನ್ನು ಒಂದೇ ದನಿಯಲ್ಲಿ ಗುರ್ ಎನ್ನುತ್ತಿತ್ತು. ಮುಳ್ಳು ಮೇಲೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಚಿಕ್ಕಲಕ್ಷ್ಮಮ್ಮ ಗಂಡನ ಕಾಲಿನ ಕಡೆ ನೋಡಿದಳು. ಬಲಗಾಲು ಬ್ರೇಕಿನ ಪಕ್ಕ, ನೆಲದ ಮೇಲೆ ಸುಮ್ಮನಿತ್ತು.

"ಇದ್ಯಾಕೆ, ಬ್ರೇಕ್ ತುಳೀತಾನೇ ಇಲ್ಲ?"

"ಬ್ಯಾಕಾಗಿಲ್ಲ ಕಣಮ್ಮಿ. ಗಾಡಿನೇ ಹಿಡ್ಕಂಡೈತೆ."

ಅವನ ಮಾತು ಮುಗಿಯುವಷ್ಟರಲ್ಲಿ ತಿರುವು ಬಂತು. ತಿರುವಿನ ಆಚೆ, ಇಳಿಜಾರಿನ ಬುಡದಲ್ಲಿ, ರಸ್ತೆಗೆ ಅಡ್ಡಲಾಗಿ ಆನೆಗಳು ನಿಂತಿದ್ದವು. ದೊಡ್ಡದೊಂದು ಹೆಣ್ಣಾನೆ, ಅದರ ಹಿಂದೆ ಇನ್ನೆರಡು, ನಡುವೆ ಸೊಂಟದೆತ್ತರದ ಮರಿ.

"ಅಣ್ಣೋ!" ಅಂದ ಶಾರುಖ್. "ಹಿಂದೆ ಮಾವಿನಣ್ಣು! ವಾಸ್ನೆ ಹಿಡೀತವೆ!"

"ಉಸ್ರೆತ್ತಬ್ಯಾಡ" ಅಂದ ಮರಿಯಪ್ಪ.

ಬ್ರೇಕು ಗಕ್ಕನೆ ಒತ್ತಿದರೆ ಗಾಳಿ ಬುಸ್ಸೆಂದು ಸದ್ದು ಮಾಡುತ್ತದೆ, ಹಿಂದಿನ ತೂಕ ಅಡ್ಡಕ್ಕೂ ತಿರುಗಬಹುದು. ಮರಿಯಪ್ಪ ಕ್ಲಚ್ಚು ಒತ್ತಿ ಗೇರು ತೆಗೆದ, ಚೂರು ಆಕ್ಸಿಲರೇಟರ್ ಕೊಟ್ಟ, ಮತ್ತೆ ಕ್ಲಚ್ಚು ಒತ್ತಿ ಒಂದನೇ ಗೇರಿಗೆ ದೂಡಿದ. ಬಸ್ಸಿನ ದಿನಗಳ ಕೈಚಳಕ. ಹಲ್ಲಿಗೆ ಹಲ್ಲು ಸದ್ದಿಲ್ಲದೆ ಕೂತಿತು. ಲಾರಿ ಬೆನ್ನ ಮೇಲಿನ ಮಾವಿನ ಭಾರವನ್ನೆಲ್ಲ ತಡೆದು ಹಿಡಿದು, ಮನುಷ್ಯರು ನಡೆಯುವ ನಡಿಗೆಗೆ ಇಳಿಯಿತು. ಬ್ರೇಕಿನ ಮೇಲೆ ಹೆಬ್ಬೆರಳು ಊರಿದಷ್ಟು ಭಾರ ಕೊಟ್ಟ. ಆನೆಗಳಿಗೆ ಸಾಕಷ್ಟು ದೂರವಿರುವಾಗಲೇ ಗಾಡಿ ಮೆತ್ತಗೆ ನಿಂತಿತು. ಇಂಜಿನ್ನು ಆರಿಸಲಿಲ್ಲ.

ಹೆಣ್ಣಾನೆ ಸೊಂಡಿಲೆತ್ತಿ ಗಾಳಿಯಲ್ಲಿ ಆಡಿಸಿತು. ಒಂದು ಹೆಜ್ಜೆ ಇತ್ತ ಇಟ್ಟಿತು. ಚಿಕ್ಕಲಕ್ಷ್ಮಮ್ಮ ಗಂಡನ ತೋಳು ಹಿಡಿದುಕೊಂಡಳು. ಶಾರುಖ್ ಕಣ್ಣು ಮುಚ್ಚಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದ. ಅಷ್ಟರಲ್ಲಿ ಮರಿ ರಸ್ತೆ ದಾಟಿ ಬಿದಿರಿನ ಮೆಳೆಯೊಳಗೆ ನುಗ್ಗಿತು. ತಾಯಿಗೆ ಮಾವಿಗಿಂತ ಮರಿಯೇ ಹೆಚ್ಚಾಯಿತು. ತಿರುಗಿ ಅದರ ಹಿಂದೆ ಹೋಯಿತು, ಉಳಿದವೂ ಹೋದವು. ಬಿದಿರು ಮುರಿಯುವ ಸದ್ದು ದೂರವಾಗುವವರೆಗೆ ಮೂವರೂ ಕದಲಲಿಲ್ಲ.

"ಸಾದಿಕ್ಕು ಚೆನ್ನಾಗಿರ್ಲಿ" ಅಂದಳು ಚಿಕ್ಕಲಕ್ಷ್ಮಮ್ಮ, ಮೊದಲು ಬಾಯಿ ಬಿಟ್ಟವಳು.

"ನಂದೇನೂ ಇಲ್ವಾ?" ಅಂದ ಮರಿಯಪ್ಪ.

"ನಿಮ್ದೂ ಒಸಿ ಐತೆ ಬುಡಿ" ಅಂದಳು. ಇನ್ನೂ ಬಿಳುಚಿಕೊಂಡಿದ್ದ ಶಾರುಖ್‌ಗೂ ನಗು ಬಂತು.

ಬಿಸಿಲು ನೆತ್ತಿಗೆ ಬರುವ ಮೊದಲೇ ಕ್ಯಾಂಟರು ರಾಮನಗರದ ಮಂಡಿ ಮುಟ್ಟಿತು. ಹಣ್ಣು ಕೆಟ್ಟಿರಲಿಲ್ಲ. ಶಾರುಖ್ ಒಂದು ಬುಟ್ಟಿ ಬಾದಾಮಿ ಮಾವಿನ ಹಣ್ಣನ್ನು ಬೇಡವೆಂದರೂ ಕೇಳದೆ ಕ್ಯಾಬಿನ್ನಿಗೆ ತುರುಕಿದ. ಅಂದು ಮಧ್ಯಾಹ್ನವೇ ಚನ್ನಪಟ್ಟಣದ ಗ್ಯಾರೇಜಿನ ಮುಂದೆ ಲಾರಿ ನಿಂತಿತು. ಆನೆಯ ಕತೆಯನ್ನು ಚಿಕ್ಕಲಕ್ಷ್ಮಮ್ಮನೇ ಹೇಳಿದಳು. ಅವಳ ಬಾಯಲ್ಲಿ ಆನೆಗಳು ಐದಾದವು, ಆಮೇಲೆ ಏಳಾದವು. ಸಾದಿಕ್ ಹಣ್ಣು ಚೀಪುತ್ತಾ ಗೇರಿನ ವಿಷಯವನ್ನಷ್ಟೇ ಮತ್ತೆ ಮತ್ತೆ ಕೇಳಿದ. ಎರಡನೇದ್ರಿಂದ ಒಂದನೇದಕ್ಕೆ ಸದ್ದೇ ಬರಲಿಲ್ವಾ? ಚೂರೂ? ಬರಲಿಲ್ಲ ಎಂದು ಮರಿಯಪ್ಪ ಹೇಳಿದಾಗಲೆಲ್ಲ ಅವನ ಮುಖ ಅರಳುತ್ತಿತ್ತು.

ಸಂಜೆಯ ಬಿಸಿಲಿನಲ್ಲಿ ಗಂಡ ಹೆಂಡತಿ ಹೊಂಗನೂರಿನ ಕಡೆ ಹೊರಟರು. ಬೆನ್ನ ಮೇಲೆ ಭಾರವಿಲ್ಲ, ಮುಂದೆ ರಸ್ತೆ ಖಾಲಿ. ಮರಿಯಪ್ಪ ಒಂದೊಂದೇ ಗೇರು ಏರಿಸುತ್ತಾ ಬಂದು ಆರನೇದಕ್ಕೆ ಹಾಕಿದ. ಇಂಜಿನ್ನಿನ ಸದ್ದು ಅಡಗಿತು. ಕಿಟಕಿಯಿಂದ ಹಿಪ್ಪುನೇರಳೆ ತೋಟಗಳ ತಂಪು ಗಾಳಿ ಬರುತ್ತಿತ್ತು. ಚಿಕ್ಕಲಕ್ಷ್ಮಮ್ಮ ಸೀಟಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಊರಿನ ತಿರುವು ಬಂದಾಗ ಅವನು ಅವಳನ್ನು ಎಬ್ಬಿಸಲಿಲ್ಲ. ಕೆರೆ ಏರಿಯ ಮೇಲಿನ ದಾರಿ ಹಿಡಿದು, ಇನ್ನೊಂದು ಸುತ್ತು ಹಾಕಿಕೊಂಡು ಮನೆಗೆ ಹೋದ.